‘ಬೌದ್ಧ ಅನ್ನೋದು ಧರ್ಮ ಅಲ್ಲ ಸರ್, ಫಿಲಾಸಫಿ’ – ಶಾಲೆ ಅರ್ಜಿಯಿಂದ ಶುರುವಾದ ಪ್ರಶ್ನೆ

ಕಲಬುರಗಿ ಕಡೆಯವ

ಹೋದ ವಾರ ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಲು ಹೋಗಿದ್ದೆ. ಅರ್ಜಿಯಲ್ಲಿ ‘ಧರ್ಮ’ ಅನ್ನುವ ಕಡೆ ‘ಬೌದ್ಧ’ ಅಂತ ಬರೆದೆ. ಕೌಂಟರಿನಲ್ಲಿದ್ದವರು ಕನ್ನಡಕ ಮೇಲೇರಿಸಿ ಎರಡು ಸಲ ಓದಿದರು. ‘ಸರ್, ಇದು ಧರ್ಮ ಅಲ್ಲ, ಫಿಲಾಸಫಿ. ಹಿಂದೂ ಅಂತ ಬರೀರಿ, ಮುಂದೆ ತೊಂದರೆ ಇರಲ್ಲ’ ಅಂದರು. ಸಿಟ್ಟಿಲ್ಲ, ವ್ಯಂಗ್ಯ ಇಲ್ಲ. ನಿಜವಾಗಿಯೂ ಸಹಾಯ ಮಾಡುವ ದನಿ. ಡ್ರಾಯರ್ ಎಳೆದು ವೈಟ್ನರ್ ಕೂಡ ಕೊಟ್ಟರು.

ವೈಟ್ನರ್ ಹಚ್ಚಲಿಲ್ಲ. ಅರ್ಜಿ ಮಡಚಿ ಜೇಬಿಗೆ ಹಾಕಿಕೊಂಡು ಬಂದುಬಿಟ್ಟೆ. ಅಲ್ಲೇ ಉತ್ತರ ಕೊಡಬೇಕಿತ್ತು ಅಂತ ಈಗ ಅನಿಸುತ್ತಿದೆ. ಆದರೆ ಆ ಹೊತ್ತಿಗೆ ಏನು ಹೇಳಬೇಕು ಅಂತ ಹೊಳೆಯಲಿಲ್ಲ.

ನಮ್ಮಪ್ಪ ಬೌದ್ಧ ದೀಕ್ಷೆ ತಗೊಂಡವರು. ನನ್ನ ಮದುವೆ ಆಗಿದ್ದು ತ್ರಿಶರಣ (ಬುದ್ಧ, ಧಮ್ಮ, ಸಂಘಕ್ಕೆ ಶರಣು), ಪಂಚಶೀಲ (ಐದು ನೀತಿ ನಿಯಮ) ಹೇಳಿಸಿ. ಬುದ್ಧ ಪೂರ್ಣಿಮೆಗೆ ಬಿಳಿ ಬಟ್ಟೆ ಹಾಕಿಕೊಂಡು ವಿಹಾರಕ್ಕೆ ಹೋಗುತ್ತೇವೆ, ಮನೆಯಲ್ಲಿ ಪಾಯಸ ಮಾಡುತ್ತೇವೆ. ಇಷ್ಟೆಲ್ಲ ಒಂದು ಫಿಲಾಸಫಿಗೆ ಮಾಡ್ತಾರಾ? ಆದರೆ ಆಫೀಸಿನಲ್ಲಿ ಓದಿಕೊಂಡವರೂ ಅದನ್ನೇ ಹೇಳುತ್ತಾರೆ. ತಿಳಿದವರು ತಿಳಿಸಿ. ಜಗಳ ಬೇಡ.

ಹತ್ತು ದಿನ ಮೌನಿ

ಸರ್, ಬೇಜಾರು ಮಾಡ್ಕೋಬೇಡಿ, ನನಗೂ ಅದು ಧರ್ಮ ಅನಿಸಿಲ್ಲ. ಬೆಂಗಳೂರು ಹತ್ತಿರ ಆಲೂರಿನಲ್ಲಿ ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರ ಮಾಡಿದ್ದೇನೆ. ಬೆಳಿಗ್ಗೆ ನಾಲ್ಕಕ್ಕೆ ಗಂಟೆ. ಮಾತಿಲ್ಲ, ಮೊಬೈಲಿಲ್ಲ, ರಾತ್ರಿ ಊಟ ಇಲ್ಲ. ಸಂಜೆ ಐದಕ್ಕೆ ಟೀ, ಒಂದಿಷ್ಟು ಹಣ್ಣು, ಅಷ್ಟೇ. ನಮ್ಮ ಬ್ಯಾಚಿನಲ್ಲಿ ಒಬ್ಬ ಪಾದ್ರಿ ಇದ್ದರು, ಮುಸ್ಲಿಂ ಹುಡುಗ ಇದ್ದ, ನಾನು ಅಯ್ಯಂಗಾರ್. ಯಾರೂ ಯಾರನ್ನೂ ಮತಾಂತರ ಮಾಡಲಿಲ್ಲ. ಉಸಿರು ನೋಡು, ಮೈಯಲ್ಲಿ ಏನಾಗ್ತಿದೆ ನೋಡು ಅಂದರು, ಅಷ್ಟೇ. ಇದು ಮತ ಅಲ್ಲ ಅಂತ ಈ ಶಿಬಿರಗಳನ್ನು ಶುರು ಮಾಡಿದ ಗೋಯೆಂಕಾ ಅವರೇ ರೆಕಾರ್ಡ್ ಮಾಡಿದ ಪ್ರವಚನದಲ್ಲಿ ಹೇಳುತ್ತಾರೆ. ಉಸಿರಿಗೆ ಯಾವ ಧರ್ಮ?

ಸುಮ್ನೆ ಓದುಗ

ಬುದ್ಧ ವಿಷ್ಣುವಿನ ಅವತಾರ ಅಲ್ವಾ? ಮುಗೀತು. ಹಿಂದೂ ಅಂತ ಬರೀರಿ.

ಕಲಬುರಗಿ ಕಡೆಯವ

@ಸುಮ್ನೆ ಓದುಗ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು 22 ಪ್ರತಿಜ್ಞೆ ಹೇಳಿಸಿದರು. ಬುದ್ಧ ವಿಷ್ಣುವಿನ ಅವತಾರ ಅನ್ನೋದನ್ನ ನಾನು ನಂಬಲ್ಲ ಅನ್ನೋದು ಅದರಲ್ಲಿ ಐದನೆಯದು. ನಮ್ಮ ಮನೆಯಲ್ಲಿ ಇದನ್ನು ಮಗ್ಗಿ ಥರ ಬಾಯಿಪಾಠ ಮಾಡಿಸಿದ್ದಾರೆ. ಹಾಗಾಗಿ ಮುಗಿಯಲಿಲ್ಲ.

ಹಳೇ ಮೇಷ್ಟ್ರು

ಮೂವತ್ತು ವರ್ಷ ತತ್ವಶಾಸ್ತ್ರ ಪಾಠ ಮಾಡಿದವನು ನಾನು. ನನ್ನ ಮಟ್ಟಿಗೆ ಇದು ದರ್ಶನವೇ, ಅಂದರೆ ನೀವೆಲ್ಲ ಹೇಳುವ ಫಿಲಾಸಫಿ.

ಮಾಲುಂಕ್ಯಪುತ್ತ ಅಂತ ಒಬ್ಬ ಭಿಕ್ಷು ಇದ್ದ. ಲೋಕ ಶಾಶ್ವತವೋ ಅಲ್ಲವೋ, ಇದಕ್ಕೆ ಕೊನೆ ಇದೆಯೋ ಇಲ್ಲವೋ, ಜೀವ ಮತ್ತು ಶರೀರ ಒಂದೇನಾ ಬೇರೆನಾ, ಸತ್ತ ಮೇಲೆ ತಥಾಗತ (ಬುದ್ಧ) ಇರುತ್ತಾನಾ? ಇದಕ್ಕೆಲ್ಲ ಉತ್ತರ ಕೊಡದಿದ್ದರೆ ಸಂಘ ಬಿಟ್ಟು ಹೋಗ್ತೀನಿ ಅಂತ ಹಟ ಹಿಡಿದ. ಬುದ್ಧ ಕೇಳಿದ್ದು ಇಷ್ಟು: ಒಬ್ಬನಿಗೆ ವಿಷದ ಬಾಣ ನೆಟ್ಟಿದೆ. ವೈದ್ಯ ಬಂದಿದ್ದಾನೆ. ಗಾಯಗೊಂಡವನು, ‘ತಡಿ, ಹೊಡೆದವನು ಕ್ಷತ್ರಿಯನೋ ಬ್ರಾಹ್ಮಣನೋ, ಉದ್ದ ಇದ್ದಾನೋ ಗಿಡ್ಡ ಇದ್ದಾನೋ, ಬಾಣಕ್ಕೆ ಕಟ್ಟಿದ್ದು ಯಾವ ಹಕ್ಕಿಯ ಗರಿ, ಅದು ಗೊತ್ತಾಗೋವರೆಗೂ ಬಾಣ ಕೀಳಬೇಡ’ ಅಂದರೆ ಅವನ ಗತಿ ಏನು?

ಯಾವ ಮತಸ್ಥಾಪಕ ಹೀಗೆ ಮಾತಾಡುತ್ತಾನೆ ಹೇಳಿ. ಮತಗಳು ಶುರುವಾಗೋದೇ ಲೋಕವನ್ನು ಯಾರು ಮಾಡಿದರು ಅನ್ನೋದರಿಂದ. ಇವನು ಆ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟ. ಮುಂದೆ ನಾಗಾರ್ಜುನ, ದಿಙ್ನಾಗ, ಧರ್ಮಕೀರ್ತಿಯಂಥ ಬೌದ್ಧ ಚಿಂತಕರು ಬಂದರು. ನ್ಯಾಯ ದರ್ಶನದ ತಾರ್ಕಿಕರಾದ ನೈಯಾಯಿಕರಿಗೂ ಇವರಿಗೂ ನಡೆದ ವಾದ ಶತಮಾನಗಟ್ಟಲೆ. 14ನೇ ಶತಮಾನದ ಮಾಧವನ ‘ಸರ್ವದರ್ಶನ ಸಂಗ್ರಹ’ದಲ್ಲಿ ಮೊದಲು ಚಾರ್ವಾಕ, ಅದಾದ ಕೂಡಲೇ ಬೌದ್ಧ. ದರ್ಶನಗಳ ಸಾಲಿನಲ್ಲೇ ಇಟ್ಟಿದ್ದಾನೆ.

ಹತ್ತು ದಿನ ಮೌನಿ

ಮೇಷ್ಟ್ರೇ, ಅದನ್ನೇ ನಾನು ಹೇಳಿದ್ದು 🙏

ಗದಗಿನ ಹುಡುಗಿ

ಮೇಷ್ಟ್ರೇ, ಕ್ಷಮಿಸಿ, ಒಂದು ತಕರಾರು. ಅದೇ ಪುಸ್ತಕದಲ್ಲಿ ರಾಮಾನುಜ ದರ್ಶನ ಇದೆ. ಪೂರ್ಣಪ್ರಜ್ಞ ದರ್ಶನ ಅಂತ ಮಧ್ವರದ್ದೂ ಇದೆ. ಶೈವ, ಪಾಶುಪತ ಎಲ್ಲ ಇವೆ. ಹಾಗಂತ ಉಡುಪಿ ರಥಬೀದಿಯಲ್ಲಿ ನಿಂತು ‘ನಿಮ್ಮದು ಮತ ಅಲ್ಲ, ಬರೀ ಫಿಲಾಸಫಿ’ ಅಂತ ಹೇಳೋ ಧೈರ್ಯ ಯಾರಿಗಿದೆ? ದರ್ಶನ ಇರೋ ಮತ ಅಂತ ಅವರಿಗೆ ಮರ್ಯಾದೆ. ಬೌದ್ಧರಿಗೆ ಮಾತ್ರ ದರ್ಶನ ಇದೆ, ಹಾಗಾಗಿ ಮತ ಇಲ್ಲ. ಇದು ಯಾವ ಲೆಕ್ಕ?

ಇನ್ನು ದೇವರ ವಿಷಯ. ವೇದದ ಯಜ್ಞಕರ್ಮವೇ ಮುಖ್ಯ ಅನ್ನೋ ಪೂರ್ವಮೀಮಾಂಸೆಯವರೂ ಲೋಕ ಸೃಷ್ಟಿಸಿದ ದೇವರನ್ನು ಒಪ್ಪಲ್ಲ. ಜೈನರೂ ಒಪ್ಪಲ್ಲ. ಶ್ರವಣಬೆಳಗೊಳದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ ಆಗುವಾಗ ಇದು ಫಿಲಾಸಫಿ ಸೆಮಿನಾರ್ ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ?

ಹಳೇ ಮೇಷ್ಟ್ರು

ಮಧ್ವರ ಮಾತು ನನಗೆ ಹೊಳೆದಿರಲಿಲ್ಲ. ತಾಯಿ, ಒಪ್ಪಿದೆ. ಆದರೆ ಬಾಣದ ಕಥೆ ಇನ್ನೂ ನನ್ನ ಕೈಯಲ್ಲಿದೆ, ಅದನ್ನು ಬಿಡಲ್ಲ.

ಗದಗಿನ ಹುಡುಗಿ

ಬಿಡಬೇಡಿ. ಒಳ್ಳೇ ಕಥೆ. ಆದರೆ ಅದರಲ್ಲಿ ಇನ್ನೊಂದು ಇದೆ ಅಲ್ವಾ? ಬಾಣ ಕೀಳಿಸಿಕೊಳ್ಳಲು ಒಬ್ಬ ವೈದ್ಯನನ್ನು ನಂಬಬೇಕು. ಪ್ರಶ್ನೆ ಬದಿಗಿಟ್ಟು ಮೈ ಒಪ್ಪಿಸಬೇಕು. ತತ್ವಶಾಸ್ತ್ರದ ಕ್ಲಾಸಿನಲ್ಲಿ ಹಾಗೆ ಮಾಡಿದರೆ ನೀವೇ ಬೈತಿದ್ರಿ.

ನಮ್ಮ ಕಡೆಯದೇ ಒಂದು ಉದಾಹರಣೆ ಕೊಡುತ್ತೇನೆ. ಮುಂಡರಗಿ ತಾಲ್ಲೂಕಿನ ಡಂಬಳ ಗೊತ್ತಲ್ಲ? ದೊಡ್ಡಬಸಪ್ಪ ಗುಡಿ ನೋಡಲು ಹೋಗಿರುತ್ತೀರಿ. ಅದೇ ಊರಿನಲ್ಲಿ 1095ರ ಒಂದು ಶಾಸನ ಸಿಕ್ಕಿದೆ, ಆರನೇ ವಿಕ್ರಮಾದಿತ್ಯನ ಕಾಲದ್ದು. ಊರಿನ ಹದಿನಾರು ಜನ ಸೆಟ್ಟರು ಸೇರಿ ಬುದ್ಧನಿಗೆ ವಿಹಾರ ಕಟ್ಟಿಸಿದ್ದರು. ಲೊಕ್ಕಿಗುಂಡಿ, ಅಂದರೆ ಈಗಿನ ಲಕ್ಕುಂಡಿಯ ಇನ್ನೊಬ್ಬ ಸೆಟ್ಟಿ ಆರ್ಯತಾರಾ ಅನ್ನೋ ಬೌದ್ಧ ದೇವಿಗೆ ವಿಹಾರ ಕಟ್ಟಿಸಿದ್ದ. ಶಾಸನದಲ್ಲಿ ತಾರೆಯ ಸ್ತುತಿ ಇದೆ. ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸಂಕೋಲೆ, ಸಮುದ್ರ, ಪಿಶಾಚಿ, ಈ ಭಯಗಳನ್ನೆಲ್ಲ ಕಳೆಯುವವಳೇ ನಿನಗೆ ನಮಸ್ಕಾರ ಅಂತ.

ಆ ಪಟ್ಟಿ ಇನ್ನೊಮ್ಮೆ ಓದಿ. ಸರಕು ಹೇರಿಕೊಂಡು ಕಾಡು ದಾಟುವ ವ್ಯಾಪಾರಿಯ ಪಟ್ಟಿ ಅದು. ದಾರಿಯಲ್ಲಿ ಕಳ್ಳರು, ರಾತ್ರಿ ಹಾವು, ಹಡಗು ಹತ್ತಿದರೆ ಸಮುದ್ರ. ಆ ಸೆಟ್ಟರು ನಾಗಾರ್ಜುನನನ್ನು ಓದಿದ್ದರೋ ಇಲ್ಲವೋ, ತಾರವ್ವನಿಗೆ ಮಾತ್ರ ಕೈ ಮುಗಿದೇ ಹೊರಡುತ್ತಿದ್ದರು. ಶಿರಸಿ ಮಾರಿಕಾಂಬೆಗೆ ಹರಕೆ ಹೊತ್ತು ಲಾರಿ ಹತ್ತೋ ಡ್ರೈವರಿಗೂ ಇವರಿಗೂ ಏನು ವ್ಯತ್ಯಾಸ?

ಕದ್ರಿ ಗುಡ್ಡೆ

ತಾರೆ ಅಂದಾಗ ನೆನಪಾಯಿತು ಮಾರಾಯ್ರೆ. ನಮ್ಮ ಮಂಗಳೂರಿನ ಕದ್ರಿ ದೇವಸ್ಥಾನದಲ್ಲಿ ಲೋಕೇಶ್ವರನ ದೊಡ್ಡ ಕಂಚಿನ ಮೂರ್ತಿ ಇದೆ. ಮೂರು ಮುಖ, ಆರು ಕೈ. ಆಳುಪರ ಕುಂದವರ್ಮ 968ರಲ್ಲಿ ಮಾಡಿಸಿದ್ದು ಅಂತ ಪೀಠದಲ್ಲೇ ಬರೆದಿದೆ, ಜಾಗದ ಹೆಸರು ‘ಕದರಿಕಾ ವಿಹಾರ’ ಅಂತಲೂ ಇದೆ. ಅದು ಬೋಧಿಸತ್ವನೋ (ಬುದ್ಧನಾಗುವ ಹಾದಿಯಲ್ಲಿರುವವನು), ಶಿವನ ರೂಪವೋ ಅಂತ ಪಂಡಿತರು ಇವತ್ತಿಗೂ ಚರ್ಚೆ ಮಾಡ್ತಾರೆ. ನನ್ನ ಅಮ್ಮನಿಗೆ ಆ ಚರ್ಚೆ ಬೇಡ. ಮಂಜುನಾಥನಿಗೆ ಪೂಜೆ ಮಾಡಿಸಿ ಬರುವಾಗ ಅವನಿಗೂ ಒಂದು ಅಡ್ಡ ಬೀಳ್ತಾರೆ. ಫಿಲಾಸಫಿಗೆ ಯಾರೂ ಅಡ್ಡ ಬೀಳೋದಿಲ್ಲ.

ಕುಶಾಲನಗರ ಕಾಫಿ

ನಮ್ಮ ಮನೆಯಿಂದ ಟಿಬೆಟಿಯನ್ನರ ಊರು ಬೈಲಕುಪ್ಪೆ ಬೈಕಿನಲ್ಲಿ ಹದಿನೈದು ನಿಮಿಷ. ಎಲ್ಲರೂ ಗೋಲ್ಡನ್ ಟೆಂಪಲ್ ಮುಂದೆ ಫೋಟೋ ಹೊಡ್ಕೊಂಡು, ಮೋಮೋ ತಿಂದು ಹೋಗ್ತಾರೆ. ಸ್ವಲ್ಪ ಆಚೆ ಸೆರಾ ಮಠ ಇದೆ. ಅಲ್ಲಿನ ಚರ್ಚೆ ಒಮ್ಮೆ ನೋಡಬೇಕು.

ಅಂಗಳದ ತುಂಬ ಕೆಂಪು ಬಟ್ಟೆಯ ಹುಡುಗರು, ಇಬ್ಬಿಬ್ಬರಾಗಿ. ಒಬ್ಬ ಕೂತಿರುತ್ತಾನೆ, ಒಬ್ಬ ನಿಂತಿರುತ್ತಾನೆ. ಪ್ರಶ್ನೆ ಕೇಳುವುದು ನಿಂತವನು. ಕೇಳಿ ಮುಗಿಸುವಾಗ ಬಲಗೈ ಮೇಲೆತ್ತಿ ಎಡ ಅಂಗೈ ಮೇಲೆ ಫಟ್ ಅಂತ ಹೊಡೆದು, ಎಡಗಾಲು ನೆಲಕ್ಕೆ ಅಪ್ಪಳಿಸುತ್ತಾನೆ. ಕೂತವನು ತಡವರಿಸಿದರೆ ಸುತ್ತ ಇದ್ದವರೆಲ್ಲ ಸೇರಿ ಕಿಚಾಯಿಸುತ್ತಾರೆ. ಮೊದಲ ಸಲ ನೋಡಿದಾಗ ಹೊಡೆದಾಟ ಅಂದುಕೊಂಡಿದ್ದೆ! ಆಮೇಲೆ ಒಬ್ಬ ಭಿಕ್ಷು, ಅವರೂ ಚೆನ್ನಾಗಿ ಕನ್ನಡ ಮಾತಾಡ್ತಾರೆ, ಇದು ಧರ್ಮಕೀರ್ತಿಯ ಪ್ರಮಾಣಶಾಸ್ತ್ರ, ಅಂದರೆ ತರ್ಕ, ಅಂತ ಬಿಡಿಸಿ ಹೇಳಿದರು. ಗೆಶೆ ಅನ್ನೋ ಅವರ ದೊಡ್ಡ ಪದವಿಗೆ ಹದಿನೈದು ಇಪ್ಪತ್ತು ವರ್ಷ ಓದಬೇಕಂತೆ. ಮೇಷ್ಟ್ರು ಖುಷಿ ಪಡ್ತಾರೆ, ಪಕ್ಕಾ ಫಿಲಾಸಫಿ.

ಈಗ ಕೇಳಿ. ಚರ್ಚೆ ಮುಗಿಸಿದ ಅದೇ ಹುಡುಗ ಒಳಗೆ ಹೋಗಿ ಬೆಣ್ಣೆ ದೀಪ ಹಚ್ಚಿ, ಮೂರು ಸಲ ನೆಲಕ್ಕೆ ಹಣೆ ಮುಟ್ಟಿಸಿದ. ಹೊರಗೆ ಮುದುಕಿಯೊಬ್ಬರು ಮಣಿ ಚಕ್ರ ತಿರುಗಿಸುತ್ತಾ ಓಂ ಮಣಿ ಪದ್ಮೇ ಹೂಂ ಅಂತ ಪ್ರದಕ್ಷಿಣೆ ಹಾಕುತ್ತಿದ್ದರು. ‘ನಿಮ್ಮದು ಧರ್ಮನಾ ಫಿಲಾಸಫಿನಾ’ ಅಂತ ನಾನು ಆ ಭಿಕ್ಷುವನ್ನು ಕೇಳಿಯೇ ಬಿಟ್ಟೆ. ಅವರು ನಕ್ಕರು. ‘ನೀವು ಕಾಫಿ ಕುಡಿಯುವಾಗ ಡಿಕಾಕ್ಷನ್ ಬೇರೆ, ಹಾಲು ಬೇರೆ ಕುಡೀತೀರಾ?’ ಅಂದರು. ಕೊಡಗಿನ ಗಾಳಿ ತಗುಲಿದೆ ಅವರಿಗೂ.

ಹತ್ತು ದಿನ ಮೌನಿ

ಚೆನ್ನಾಗಿದೆ. ಆದರೆ ಇದೆಲ್ಲ ಆಮೇಲೆ ಸೇರಿಕೊಂಡದ್ದು ಅಂತ ಒಪ್ಪುತ್ತೀರಿ ತಾನೆ? ಮೂಲ ಬುದ್ಧ ಶುದ್ಧ ವಿಚಾರವಾದಿ. ತಾರೆ, ದೀಪ, ಚಕ್ರ ಎಲ್ಲ ಜನ ನಂತರ ಹಚ್ಚಿದ ಬಣ್ಣ.

ಗದಗಿನ ಹುಡುಗಿ

‘ಆಮೇಲೆ’ ಅಂದರೆ ಎಷ್ಟು ಆಮೇಲೆ? ಬುದ್ಧ ತೀರಿಕೊಂಡ ಕೂಡಲೇ ಅಸ್ಥಿಗಾಗಿ ರಾಜರು ಯುದ್ಧಕ್ಕೇ ನಿಂತರು ಅಂತ ಪಾಲಿ ಗ್ರಂಥಗಳೇ ಹೇಳುತ್ತವೆ. ದ್ರೋಣ ಅನ್ನೋ ಬ್ರಾಹ್ಮಣ ಮಧ್ಯೆ ಬಂದು ಎಂಟು ಪಾಲು ಮಾಡಿ ಹಂಚಿದ. ಪಾಲು ಸಿಕ್ಕವರು ಸ್ತೂಪ ಕಟ್ಟಿಸಿದರು.

ಅಶೋಕನನ್ನೇ ನೋಡಿ. ಮೊಳಕಾಲ್ಮೂರು ಹತ್ತಿರದ ಬ್ರಹ್ಮಗಿರಿ ಬಂಡೆ ಮೇಲೆ ತನ್ನ ಬಗ್ಗೆ ಹೇಳಿಕೊಂಡಿದ್ದಾನೆ. ನಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಮೊದಮೊದಲು ಅಷ್ಟೇನೂ ಶ್ರಮ ಪಡಲಿಲ್ಲ, ಸಂಘದ ಹತ್ತಿರ ಹೋದ ಮೇಲೆ ಒಂದು ವರ್ಷದಿಂದ ಜೋರಾಗಿ ಪ್ರಯತ್ನ ಪಡ್ತಿದೀನಿ ಅಂತ. ಎಷ್ಟು ಮನುಷ್ಯ ಸಹಜ ಮಾತು ಅಲ್ವಾ! ಜಿಮ್ಮಿಗೆ ದುಡ್ಡು ಕಟ್ಟಿ ಹೋಗದವರ ಥರ. ಆದರೆ ಪದ ನೋಡಿ, ‘ಉಪಾಸಕ’, ಅಂದರೆ ಗೃಹಸ್ಥ ಭಕ್ತ. ವಿದ್ಯಾರ್ಥಿ ಅಲ್ಲ.

ಕಲಬುರಗಿ ಕಡೆಯವ

ಅಶೋಕನ ಹೆಸರು ಬಂತಲ್ಲ, ನಾನೂ ಒಂದು ಮಾತು ಸೇರಿಸುತ್ತೇನೆ. ನಮ್ಮ ಜಿಲ್ಲೆಯ ಸನ್ನತಿ ಹತ್ತಿರ, ಭೀಮಾ ನದಿ ದಂಡೆಯ ಕನಗನಹಳ್ಳಿಯಲ್ಲಿ ಸ್ತೂಪ ಅಗೆದಾಗ ಒಂದು ಕಲ್ಲು ಸಿಕ್ಕಿತು. ರಾಜ, ರಾಣಿ, ಚಾಮರ ಹಿಡಿದ ಸೇವಕಿಯರು. ಮೇಲೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯ ಅಸೋಕ’ ಅಂತ ಹೆಸರು. ಅಪ್ಪ ನನ್ನನ್ನು ಕರೆದುಕೊಂಡು ಹೋಗಿದ್ದರು. ಸುತ್ತ ತೊಗರಿ ಹೊಲ, ಸುಡು ಬಿಸಿಲು. ಅಪ್ಪ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಸ್ತೂಪದ ಸುತ್ತ ಮೂರು ಸುತ್ತು ಬಂದರು. ಅಲ್ಲಿದ್ದ ವಾಚಮನ್ ‘ಚಪ್ಪಲಿ ಹಾಕ್ಕೊಳ್ರಿ, ಕಾಲು ಸುಡ್ತದ’ ಅಂದ. ಅಪ್ಪ ಕೇಳಲಿಲ್ಲ.

ಬ್ಯಾಂಕಾಕಿನ ದಾವಣಗೆರೆಯವಳು

ಇಲ್ಲಿ ಯಾರಿಗಾದರೂ ಈ ಪ್ರಶ್ನೆ ಕೇಳಿದರೆ ಮುಖ ಮುಖ ನೋಡುತ್ತಾರೆ. ನಮ್ಮ ಅಪಾರ್ಟ್‌ಮೆಂಟ್ ಕೆಳಗೆ ಬೆಳಿಗ್ಗೆ ಆರಕ್ಕೆ ಭಿಕ್ಷುಗಳು ಪಾತ್ರೆ ಹಿಡಿದು ಬರ್ತಾರೆ. ತರಕಾರಿ ಮಾರೋ ಹೆಂಗಸು ಚಪ್ಪಲಿ ಬಿಟ್ಟು, ಅನ್ನದ ಪ್ಯಾಕೆಟ್ ಹಾಕಿ, ಮಂಡಿಯೂರಿ ಕೂರುತ್ತಾಳೆ. ಭಿಕ್ಷು ಪಾಲಿಯಲ್ಲಿ ನಾಲ್ಕು ಸಾಲು ಹೇಳಿ ಮುಂದೆ ಹೋಗುತ್ತಾರೆ. ಅವರು 227 ನಿಯಮ ಪಾಲಿಸಬೇಕು. ಮಧ್ಯಾಹ್ನದ ಮೇಲೆ ಊಟ ಇಲ್ಲ, ಹೆಂಗಸರನ್ನು ಮುಟ್ಟೋ ಹಾಗಿಲ್ಲ. ಬಸ್ಸಿನಲ್ಲಿ ಅವರಿಗೇ ಬೇರೆ ಸೀಟು. ದೇಶದ ರಾಜ ಬೌದ್ಧನೇ ಆಗಿರಬೇಕು ಅಂತ ಸಂವಿಧಾನದಲ್ಲೇ ಇದೆ.

ಒಂದು ತಮಾಷೆ ಗೊತ್ತಾ? ಧರ್ಮಕ್ಕೆ ಥಾಯ್ ಭಾಷೆಯಲ್ಲಿ ಹೇಳೋದು ‘ಸಾತ್ಸನಾ’ ಅಂತ. ಪಾಲಿಯ ‘ಸಾಸನ’, ಸಂಸ್ಕೃತದ ‘ಶಾಸನ’ ಇದೇ ಪದ, ಬೋಧನೆ ಅಂತ ಅರ್ಥ. ನಾವು ಅದೇ ಪದವನ್ನು ಶಾಸನ ಮಾಡಿ ಕಲ್ಲಿನ ಮೇಲೆ ಕೆತ್ತಿಸಿದೆವು, ಆಮೇಲೆ ಶಾಸಕರಿಗೆ ಕೊಟ್ಟೆವು 😀

ಹಳೇ ಮೇಷ್ಟ್ರು

ಪದದ ಮಾತು ಬಂದದ್ದು ಒಳ್ಳೆಯದಾಯಿತು. ನಿನ್ನೆಯಿಂದ ಯೋಚಿಸುತ್ತಿದ್ದೇನೆ. ಈ ಜಗಳದ ಅರ್ಧ ಭಾಗ ಇಂಗ್ಲಿಷಿನದು. ಅಲ್ಲಿ ರಿಲಿಜನ್ ಬೇರೆ, ಫಿಲಾಸಫಿ ಬೇರೆ. ಒಂದಕ್ಕೆ ಚರ್ಚು, ಇನ್ನೊಂದಕ್ಕೆ ವಿಶ್ವವಿದ್ಯಾಲಯ. ನಮ್ಮಲ್ಲಿ ‘ಮತ’ ಅಂದರೆ ಅಭಿಪ್ರಾಯ, ಓಟು, ಪಂಥ ಮೂರೂ ಹೌದು. ‘ದರ್ಶನ’ ಅಂದರೆ ತತ್ವಶಾಸ್ತ್ರವೂ ಹೌದು, ದೇವಸ್ಥಾನದಲ್ಲಿ ಕ್ಯೂ ನಿಂತು ಮಾಡೋದೂ ಹೌದು. ‘ಧರ್ಮ’ ಕೇಳಲೇಬೇಡಿ. ಧರ್ಮಕ್ಕೆ ಸಿಕ್ಕಿದ್ದು ಅಂದರೆ ಪುಕ್ಕಟೆ ಸಿಕ್ಕಿದ್ದು! ಹೀಗೆ ಹರಿದಾಡೋ ಪದಗಳನ್ನು ತಂದು ಅರ್ಜಿಯ ಒಂದೊಂದು ಖಾನೆಯಲ್ಲಿ ಕೂರಿಸಿದ್ದೇವೆ. ತಂಟೆ ಅಲ್ಲಿಂದ.

ಅಂಬೇಡ್ಕರ್ ಇದನ್ನು ಚೆನ್ನಾಗಿ ಅರಿತಿದ್ದರು. ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ರಿಲಿಜನ್ ಬೇರೆ, ಧಮ್ಮ ಬೇರೆ ಅಂತಲೇ ವಾದಿಸುತ್ತಾರೆ. ಒಂದರಲ್ಲಿ ದೇವರು, ಆತ್ಮ, ಪ್ರಾರ್ಥನೆ. ಇನ್ನೊಂದರಲ್ಲಿ ಆ ಜಾಗದಲ್ಲಿ ನೀತಿ. ಹಾಗಾದರೆ ಅವರೂ ನನ್ನ ಪಕ್ಷ ಅಲ್ಲವೇ?

ಕಲಬುರಗಿ ಕಡೆಯವ

ಇಲ್ಲ ಗುರುಗಳೇ, ಇಲ್ಲಿ ನಾನು ಒಪ್ಪಲ್ಲ.

ಬರೀ ವಿಚಾರ ಬೇಕಿದ್ದರೆ ಅವರು ಪುಸ್ತಕ ಬರೆದು ಸುಮ್ಮನಾಗಬಹುದಿತ್ತು. 1935ರಲ್ಲಿ ಮಹಾರಾಷ್ಟ್ರದ ಯೇವಲಾದಲ್ಲಿ, ಹಿಂದೂ ಆಗಿ ಹುಟ್ಟಿದ್ದೇನೆ, ಹಿಂದೂ ಆಗಿ ಸಾಯಲ್ಲ ಅಂದವರು ಇಪ್ಪತ್ತೊಂದು ವರ್ಷ ಓದಿದರು. ಕೊನೆಗೆ ಲಕ್ಷಾಂತರ ಜನರ ಎದುರು, ವಯಸ್ಸಾದ ಭಿಕ್ಷುವಿನ ಮುಂದೆ ನಿಂತು ಶರಣು ಹೋದರು. ನನಗೆ ಹೊಸ ಹುಟ್ಟು ಬಂದಿದೆ ಅಂತ ಪ್ರತಿಜ್ಞೆಯಲ್ಲೇ ಇದೆ. ಅಭಿಪ್ರಾಯ ಬದಲಾದರೆ ಯಾರೂ ಹೊಸದಾಗಿ ಹುಟ್ಟಲ್ಲ.

ನಮ್ಮ ಮನೆಯದ್ದು ಹೇಳುತ್ತೇನೆ. ದೀಕ್ಷೆ ತಗೊಂಡ ಮಾರನೇ ದಿನ ಅಪ್ಪ ಜಗಲಿ ಮೇಲಿನ ದೇವರನ್ನೆಲ್ಲ ಇಳಿಸಿದರು. ಅವ್ವ ಮಾತಾಡಲಿಲ್ಲ. ಅಜ್ಜಿ ಮಾತ್ರ ಯಲ್ಲಮ್ಮನ ಭಂಡಾರದ ಡಬ್ಬಿ ಕೊಡಲಿಲ್ಲ. ‘ಇದು ನನ್ನ ಕೂಡ ಹೋಗ್ತದ’ ಅಂದಳು. ಆ ವರ್ಷ ನನ್ನ ತಮ್ಮನಿಗೆ ಜ್ವರ ಬಂತು, ಒಂದು ವಾರ ಇಳಿಯಲಿಲ್ಲ. ದೇವರ ಶಾಪ ಅಂತ ಓಣಿಯವರೆಲ್ಲ ಅಂದರು. ಅಪ್ಪ ರಾತ್ರಿಯೆಲ್ಲ ಹಾಸಿಗೆ ಪಕ್ಕ ಕೂತು ಬುದ್ಧಂ ಶರಣಂ ಹೇಳುತ್ತಿದ್ದರು. ಆಸ್ಪತ್ರೆಗೂ ತೋರಿಸಿದರು, ಗುಣ ಆಯಿತು. ಡಬ್ಬಿ ಅಜ್ಜಿ ಸಾಯೋವರೆಗೂ ದಿಂಬಿನ ಕೆಳಗೇ ಇತ್ತು. ಅಪ್ಪನಿಗೆ ಗೊತ್ತಿತ್ತು, ಕೇಳಲಿಲ್ಲ.

ಆ ಒಂದು ವಾರ ಫಿಲಾಸಫಿ ಇಟ್ಟುಕೊಂಡು ತಡಕೊಳ್ಳೋಕೆ ಆಗ್ತಿರಲಿಲ್ಲ. ಮೌನಿಯವರಿಗೆ ಒಂದು ಮಾತು, ಬೇಜಾರಿಲ್ಲದೆ. ಹತ್ತು ದಿನ ಮಾಡಿ ನೀವು ಮನೆಗೆ ಹೋದಾಗ ನಿಮ್ಮ ದೇವರಮನೆ ಹಾಗೇ ಇತ್ತು. ನಾವು ಖಾಲಿ ಮಾಡಿದ್ದೇವೆ.

ಹತ್ತು ದಿನ ಮೌನಿ

…ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಸರ್. ಇನ್ನೊಂದು ಈಗ ನೆನಪಾಯಿತು. ಶಿಬಿರದ ಮೊದಲ ಸಂಜೆ ನಾವೂ ಪಾಲಿಯಲ್ಲಿ ತ್ರಿಶರಣ ಹೇಳಿದ್ದೆವು, ಪಂಚಶೀಲವನ್ನೂ ತಗೊಂಡಿದ್ದೆವು. ಸುಮ್ನೆ ಫಾರ್ಮಾಲಿಟಿ ಅಂದುಕೊಂಡು ತುಟಿ ಆಡಿಸಿದ್ದೆ.

ಕರಿಕೋಟು

ವಕೀಲನಾಗಿ ನನ್ನ ಪಾಲು. ತತ್ವದ ತಂಟೆಗೆ ಹೋಗಲ್ಲ, ಅರ್ಜಿಗೆ ಬೇಕಾದ್ದಷ್ಟೇ.

1992ರ ಅಲ್ಪಸಂಖ್ಯಾತರ ಆಯೋಗದ ಕಾಯ್ದೆಯಡಿ 1993ರಲ್ಲಿ ಕೇಂದ್ರ ಸರ್ಕಾರ ಅಧಿಸೂಚಿಸಿದ ಐದು ಸಮುದಾಯಗಳಲ್ಲಿ ಬೌದ್ಧರೂ ಇದ್ದಾರೆ. ಜನಗಣತಿಯಲ್ಲಿ ಬೌದ್ಧರಿಗೆ ಪ್ರತ್ಯೇಕ ಲೆಕ್ಕ ಇದೆ, 2011ರಲ್ಲಿ ದೇಶದಲ್ಲಿ ಸುಮಾರು 84 ಲಕ್ಷ. ಹಾಗಾಗಿ ‘ಅದು ಧರ್ಮ ಅಲ್ಲ’ ಅಂತ ಹೇಳುವ ಅಧಿಕಾರ ಯಾವ ಕೌಂಟರಿಗೂ ಇಲ್ಲ.

ಗೊಂದಲ ಬರೋದು ಇಲ್ಲಿಂದ. 1955ರ ಹಿಂದೂ ವಿವಾಹ ಕಾಯ್ದೆ ಬೌದ್ಧರಿಗೂ ಅನ್ವಯಿಸುತ್ತೆ. ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲೂ, ದೇವಸ್ಥಾನ ಪ್ರವೇಶ, ಸುಧಾರಣೆಯ ವಿಷಯಕ್ಕೆ ‘ಹಿಂದೂ’ ಅಂದರೆ ಸಿಖ್, ಜೈನ, ಬೌದ್ಧರೂ ಸೇರಿದ್ದಾರೆ ಅಂತ ಇದೆ. ಅರ್ಧ ಓದಿದವರು ಅದನ್ನೇ ಹಿಡ್ಕೊಳ್ತಾರೆ. ಆ ವಾಕ್ಯದಲ್ಲೇ ಬೌದ್ಧ ‘ಧರ್ಮ’ ಅಂತಲೇ ಬರೆದಿದ್ದಾರೆ ಅನ್ನೋದನ್ನ ನೋಡಲ್ಲ.

‘ಮುಂದೆ ತೊಂದರೆ’ ಅಂದರಲ್ಲ, ಅದು ಮೀಸಲಾತಿ ಬಗ್ಗೆ ಇರಬೇಕು. ಪರಿಶಿಷ್ಟ ಜಾತಿಯವರು ಬೌದ್ಧರಾದರೆ ಸೌಲಭ್ಯ ಹೋಗುತ್ತೆ ಅನ್ನೋ ಹೆದರಿಕೆ ಹಳೆಯದು. ಪರಿಶಿಷ್ಟ ಜಾತಿಗಳ ಆದೇಶಕ್ಕೆ 1990ರಲ್ಲಿ ತಂದ ತಿದ್ದುಪಡಿಯಲ್ಲೇ ಬೌದ್ಧರನ್ನೂ ಸೇರಿಸಿದ್ದಾರೆ. ಧೈರ್ಯವಾಗಿ ಬರೀರಿ. ಆದರೆ ಜಾತಿ ಪ್ರಮಾಣಪತ್ರದಲ್ಲಿ ಏನಿದೆ ಅಂತ ಒಮ್ಮೆ ನೋಡಿಕೊಳ್ಳಿ.

ಕಲಬುರಗಿ ಕಡೆಯವ

ಎಲ್ಲರಿಗೂ ಶರಣು. ಇವತ್ತು ಬೆಳಿಗ್ಗೆ ಮತ್ತೆ ಹೋಗಿದ್ದೆ. ಕರಿಕೋಟು ಅವರು ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು, ಪರೀಕ್ಷೆಗೆ ಹೋಗೋ ಹುಡುಗನ ಥರ.

ಚೀಟಿ ತೆಗೆಯೋ ಹೊತ್ತೇ ಬರಲಿಲ್ಲ. ಅವರೇ ಇದ್ದರು, ಅದೇ ಕನ್ನಡಕ. ಅರ್ಜಿ ನೋಡಿ, ‘ಬದಲಾಯಿಸಲಿಲ್ವಾ?’ ಅಂದರು. ಇಲ್ಲ ಅಂದೆ. ನಿಟ್ಟುಸಿರು ಬಿಟ್ಟು ಕಂಪ್ಯೂಟರಿನಲ್ಲಿ ಧರ್ಮದ ಪಟ್ಟಿ ತೆರೆದರು, ಮೌಸ್ ಕೆಳಗೆ ಎಳೆದರು. ‘ಅರೆ, ಇಲ್ಲೇ ಇದೆ ನೋಡಿ ಸರ್’ ಅಂದರು, ಅವರಿಗೇ ಆಶ್ಚರ್ಯ. ಬೌದ್ಧ ಅಂತ ಪಟ್ಟಿಯಲ್ಲಿ ಮೊದಲೇ ಇತ್ತು. ಒತ್ತಿದರು, ಆಯಿತು.

ಮುಂದಿನ ಖಾನೆ ಜಾತಿ. ಅದಕ್ಕೆ ನಾನು ಏನು ಬರೆಸಿದೆ, ಬರೆಸುವಾಗ ಏನನಿಸಿತು ಅಂತ ಇನ್ನೊಂದು ಚರ್ಚೆಯೇ ಶುರು ಮಾಡಬೇಕು.